10 ಗುಂಟೆಗೆ 40 ಗಿಡ ಬೇಕಾ?

ಪ್ರಶ್ನೆ: ಮನೆ ಹಿಂದೆ 10 ಗುಂಟೆ ಜಾಗವಿದೆ, ಬೋರ್‌ವೆಲ್ ನೀರಿದೆ. ಮನೆಗಾಗುವಷ್ಟು ಹಣ್ಣಿನ ಗಿಡ ಹಾಕೋಣ ಅಂತ ನರ್ಸರಿಗೆ ಹೋದರೆ ಆಳೆತ್ತರದ ಕಸಿ ಮಾವಿಗೆ 600 ರೂಪಾಯಿ ಹೇಳಿದರು. ನನಗೆ 40 ಗಿಡ ಬೇಕು. ಕಡಿಮೆಗೆ ಎಲ್ಲಿ ಸಿಗುತ್ತದೆ?
– ಓದುಗರೊಬ್ಬರು, ಹಾಸನ

ಮೊದಲು ಆ 40ರ ಲೆಕ್ಕ ನೋಡೋಣ. 10 ಗುಂಟೆ ಅಂದರೆ 10,890 ಚದರಡಿ. ಮಾವಿಗೆ ಗಿಡದಿಂದ ಗಿಡಕ್ಕೆ 30 ಅಡಿ ಬಿಟ್ಟರೆ, ಬರೀ ಮಾವೇ ಹಾಕಿದರೂ 12 ಗಿಡಕ್ಕೆ ಜಾಗ ಮುಗಿಯಿತು. ಸೀಬೆ, ನಿಂಬೆ, ದಾಳಿಂಬೆಗೆ 15 ಅಡಿ ಸಾಕು. ಎಲ್ಲ ಬೆರೆಸಿದರೆ 25ರ ಆಸುಪಾಸು ಆಗಬಹುದು. ಅಲ್ಲಿಗೆ ಖರ್ಚು ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚೇ ಇಳಿಯಿತಲ್ವಾ?

ಇದರಲ್ಲೂ ದುಡ್ಡು ಕೊಟ್ಟೇ ತರಬೇಕಾದ್ದು ಮಾವು, ಸಪೋಟ, ಹಲಸು ಮಾತ್ರ. ಬೀಜದಿಂದ ಎಬ್ಬಿಸಿದರೆ ಇವು ತಾಯಿಮರದ ಹಾಗೇ ಬರುತ್ತವೆ ಅನ್ನುವ ನಂಬಿಕೆ ಇಲ್ಲ, ಜೊತೆಗೆ ಏಳೆಂಟು ವರ್ಷ ಕಾಯಬೇಕು. ಕಸಿ ಗಿಡಕ್ಕೆ ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೆ ಹೋಗಿ, ಯಾವ ಇಲಾಖಾ ನರ್ಸರಿಯಲ್ಲಿ ಏನಿದೆ ಅಂತ ಕೇಳಿ. ಅಲ್ಲಿ ಇಲಾಖೆಯೇ ನಿಗದಿ ಮಾಡಿದ ದರ, ಸಾಮಾನ್ಯವಾಗಿ ಹೊರಗಿನದಕ್ಕಿಂತ ಕಡಿಮೆ. ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲೂ ಒಮ್ಮೆ ವಿಚಾರಿಸಿ. ಮಳೆ ಬಿದ್ದ ಮೇಲೆ ಎಲ್ಲರೂ ಒಟ್ಟಿಗೆ ಹೋಗುತ್ತಾರೆ, ಒಳ್ಳೆ ಗಿಡ ಖಾಲಿಯಾಗಿರುತ್ತದೆ. ಹಾಗಾಗಿ ಏಪ್ರಿಲ್‌ನಲ್ಲೇ ಕೇಳಿಟ್ಟು, ಆ ಹೊತ್ತಿಗೇ 3 ಅಡಿ ಗುಂಡಿ ತೆಗೆಸಿ ಬಿಸಿಲಿಗೆ ಬಿಡಿ.

ಆಳೆತ್ತರದ ಗಿಡದ ಆಸೆ ಬಿಡಿ. ದೊಡ್ಡದಾದಷ್ಟೂ ರೇಟು ಜಾಸ್ತಿ, ಮೇಲಾಗಿ ಚಿಕ್ಕ ಚೀಲದಲ್ಲಿ ವರ್ಷಗಟ್ಟಲೆ ಕೂತ ಗಿಡದ ಬೇರು ಒಳಗೇ ಸುತ್ತಿಕೊಂಡಿರುತ್ತದೆ, ನೆಟ್ಟ ಮೇಲೂ ಬೇಗ ಏಳುವುದಿಲ್ಲ. ಪೆನ್ಸಿಲ್ ದಪ್ಪದ ಕಾಂಡ, ಚೆನ್ನಾಗಿ ಕೂಡಿಕೊಂಡ ಕಸಿ ಗಂಟು, ಇಷ್ಟಿದ್ದರೆ ಒಂದು ವರ್ಷದ ಗಿಡವೇ ಸಾಕು. ನೆಡುವಾಗ ಗಂಟು ಮಣ್ಣಿನಿಂದ ಮೇಲಿರಲಿ, ಅದಕ್ಕೆ ಸುತ್ತಿದ ಪ್ಲಾಸ್ಟಿಕ್ ಬಿಚ್ಚಿ, ಗಂಟಿನ ಕೆಳಗೆ ಚಿಗುರು ಬಂದರೆ ಚಿವುಟಿ ಹಾಕಿ. ಬಿಟ್ಟರೆ ಆ ನಾಟಿ ಚಿಗುರೇ ಮೇಲೆದ್ದು ಕೊಟ್ಟ ದುಡ್ಡು ಸುಮ್ನೆ ಹೋಗುತ್ತದೆ.

ಉಳಿದದ್ದು ನೆಂಟರ ಮನೆಯಿಂದಲೇ ಬರುತ್ತದೆ. ಯಾರ ಹಿತ್ತಲಲ್ಲಾದರೂ ಒಳ್ಳೆ ಸೀಬೆ ಇದ್ದರೆ ಜೂನ್‌–ಜುಲೈನಲ್ಲಿ ಗೂಟಿ ಕಟ್ಟಿ: ಪೆನ್ಸಿಲ್ ದಪ್ಪದ ಕೊಂಬೆಯಲ್ಲಿ ಒಂದಿಂಚು ಸಿಪ್ಪೆ ಉಂಗುರದ ಹಾಗೆ ತೆಗೆದು, ಒದ್ದೆ ತೆಂಗಿನನಾರಿನ ಪುಡಿ ಮೆತ್ತಿ, ಪ್ಲಾಸ್ಟಿಕ್ ಸುತ್ತಿ ಬಿಗಿಯಾಗಿ ಕಟ್ಟಿದರೆ ಒಂದೂವರೆ ಎರಡು ತಿಂಗಳಲ್ಲಿ ಬೇರು ಕಾಣುತ್ತದೆ, ಆಮೇಲೆ ಕತ್ತರಿಸಿ ಚೀಲಕ್ಕೆ ಹಾಕಿ. ದಾಳಿಂಬೆ, ಅಂಜೂರ ಕಡ್ಡಿಯಿಂದ ಬರುತ್ತವೆ. ಬಾಳೆ ಕಂದಿಗೆ ದುಡ್ಡು ಕೊಡುವವರು ನಮ್ಮ ಕಡೆ ಕಡಿಮೆ. ನಾಟಿ ನಿಂಬೆ ಬೀಜದ ಗಿಡವಾದರೂ ಸಾಮಾನ್ಯವಾಗಿ ತಾಯಿಯ ಹಾಗೇ ಇರುತ್ತದೆ, ಕಾಯಿಗೆ ನಾಲ್ಕೈದು ವರ್ಷ ತಾಳಬೇಕಷ್ಟೆ.

ಪ್ರಶ್ನೆ: ಕಾಫಿ ತೋಟದ ಅಂಚಿನಲ್ಲಿ ಬೀಜದಿಂದ ಬೆಳೆಸಿದ ಬೆಣ್ಣೆಹಣ್ಣಿನ ಗಿಡ ಐದು ವರ್ಷವಾದರೂ ಹೂ ಬಿಟ್ಟಿಲ್ಲ. ಕಡಿದು ಹೊಸದು ತರಲೇ?
– ಓದುಗರೊಬ್ಬರು, ಮೂಡಿಗೆರೆ

ಕಡಿಯಬೇಡಿ. ಬೀಜದ ಬೆಣ್ಣೆಹಣ್ಣಿಗೆ ಇನ್ನೂ ಒಂದೆರಡು ವರ್ಷ ಹಿಡಿಯುವುದು ಮಾಮೂಲಿ. ಕಾಯಲು ಆಗದಿದ್ದರೆ, ಊರಲ್ಲಿ ಚೆನ್ನಾಗಿ ಹಣ್ಣು ಕೊಡುವ ಮರದ ಕಡ್ಡಿ ತಂದು ಇದೇ ಗಿಡಕ್ಕೆ ಕಸಿ ಮಾಡಿಸಿ, ಕಸಿ ಮಾಡುವವರ ಕೂಲಿಯಷ್ಟೇ ಖರ್ಚು. ಬಲ್ಲವರು ಯಾರು ಅಂತ ನಿಮ್ಮೂರಿನ ತೋಟಗಾರಿಕೆ ಕಾಲೇಜಿನಲ್ಲೇ ಕೇಳಬಹುದು.

ಪ್ರಶ್ನೆ: ಗಾಡಿಯಲ್ಲಿ ಸೇಬಿನ ಗಿಡ ಮಾರಲು ಬರುತ್ತಾರೆ, ಕೊಳ್ಳಬಹುದಾ?
– ಓದುಗರೊಬ್ಬರು, ಕಡೂರು

ಬೇಡ. ಸೇಬಿಗೆ ಬೇಕಾದ ಚಳಿ ನಿಮ್ಮಲ್ಲಿಲ್ಲ, ಆ ಗಾಡಿಯವರು ಮುಂದಿನ ವರ್ಷ ಸಿಗುವುದೂ ಇಲ್ಲ. ಅದೇ ದುಡ್ಡಿಗೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ನೆಲ್ಲಿ, ನೇರಳೆ, ಹುಣಸೆ ಕೇಳಿ. ಒಣನೆಲಕ್ಕೆ ಸೀತಾಫಲವೂ ಆಗುತ್ತದೆ.