‘ಒಂಥರಾ ಆಗ್ತಿದೆ’ ಅನ್ನಿಸಿದಾಗ ಮೊದಲು ಏನು ನೋಡಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ: 32ನೇ ವಯಸ್ಸಿನಲ್ಲಿ ಆಟಿಸಂ (ಸದ್ದು, ಸ್ಪರ್ಶ, ಜನರ ಒಡನಾಟವನ್ನು ಮಿದುಳು ಹುಟ್ಟಿನಿಂದಲೇ ಬೇರೆ ರೀತಿ ಗ್ರಹಿಸುವ ಸ್ಥಿತಿ) ಎಂದು ಗೊತ್ತಾಗಿದೆ. ಆಫೀಸಿನಲ್ಲಿ ದಿನವೆಲ್ಲ ಸರಿಯಾಗಿಯೇ ಇರುತ್ತೀರಿ. ಮನೆಗೆ ಬಂದ ಮೇಲೆ ‘ಒಂಥರಾ’ ಆಗುತ್ತದೆ. ಅಮ್ಮ ಮಾತಾಡಿಸಿದರೆ ಒಮ್ಮೆ ಕಿರುಚುತ್ತೀರಿ, ಇನ್ನೊಮ್ಮೆ ಬಾಯಿಂದ ಮಾತೇ ಹೊರಡುವುದಿಲ್ಲ. ಡಾಕ್ಟರು ಎಲ್ಲಿ ನೋವು ಎಂದರೆ ಹೇಳಲಾಗುವುದಿಲ್ಲ. ಇದು ಆತಂಕವೋ, ದೇಹದ ತೊಂದರೆಯೋ ಎಂದು ಕೇಳಿದ್ದೀರಿ.

ಮೊದಲು ದೇಹವನ್ನು ನೋಡಿ ಎಂಬುದು ನನ್ನ ಉತ್ತರ. ಹಸಿವು, ಬಾಯಾರಿಕೆ, ಮೂತ್ರದ ಒತ್ತಡ, ಸೆಕೆ, ನೋವು ಇವುಗಳನ್ನು ಒಳಗಿನಿಂದ ತಿಳಿಯುವ ಶಕ್ತಿಗೆ ಇಂಟರೋಸೆಪ್ಶನ್ ಎನ್ನುತ್ತಾರೆ. ಆಟಿಸಂ ಇರುವ ಹಲವರಲ್ಲಿ ಈ ಸುದ್ದಿ ತಡವಾಗಿ ಬರುತ್ತದೆ, ಇಲ್ಲವೇ ಎಲ್ಲವೂ ಕಲಸಿಕೊಂಡು ಒಟ್ಟಿಗೆ ಬರುತ್ತದೆ. ಹಾಗೆ ಕಲಸಿ ಬಂದದ್ದಕ್ಕೆ ಕನ್ನಡದಲ್ಲಿರುವ ಮಾತೇ ‘ಒಂಥರಾ’. ‘ಸರಿಯಾಗಿ ಬಿಡಿಸಿ ಹೇಳು’ ಎಂದು ಯಾರಾದರೂ ಗದರಿದರೆ ನೊಂದುಕೊಳ್ಳಬೇಡಿ. ನಿಮಗೆ ಎಷ್ಟು ತಿಳಿದಿದೆಯೋ ಅಷ್ಟನ್ನೇ ಹೇಳುತ್ತಿದ್ದೀರಿ. ಇದರ ಜೊತೆಗೆ, ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ತಮ್ಮ ಭಾವನೆಗೆ ಹೆಸರು ಕೊಡುವುದು ಕಷ್ಟ. ಅದಕ್ಕೆ ಅಲೆಕ್ಸಿಥೈಮಿಯ ಎನ್ನುತ್ತಾರೆ.

ಆದ್ದರಿಂದ ಆ ಹೊತ್ತಿನಲ್ಲಿ ‘ನನಗೇನು ಅನ್ನಿಸುತ್ತಿದೆ’ ಎಂದು ಹುಡುಕಬೇಡಿ, ಗಡಿಯಾರವನ್ನು ನಂಬಿ. ಒಂಥರಾ ಆದ ಕೂಡಲೇ ಶೌಚಾಲಯಕ್ಕೆ ಹೋಗಿ. ಎರಡೇ ನಿಮಿಷದ ಕೆಲಸ, ಹೋಗಿ ಬಂದರೇ ಅರ್ಧ ಚಡಪಡಿಕೆ ಇಳಿಯುವುದುಂಟು. ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲದು ಎಂದರ್ಥ. ಒಂದು ಲೋಟ ನೀರನ್ನು ನಿಧಾನವಾಗಿ ಕುಡಿಯಿರಿ. ಕೊನೆಯ ಊಟವಾಗಿ ನಾಲ್ಕೈದು ಗಂಟೆ ಕಳೆದಿದ್ದರೆ, ಹಸಿವು ಗೊತ್ತಾಗದಿದ್ದರೂ ತಿನ್ನಿ. ಆಮೇಲೆ ಬಿಗಿಯಾದ ಬೆಲ್ಟು, ಚುಚ್ಚುವ ಲೇಬಲ್ಲು, ಒದ್ದೆ ಕಾಲುಚೀಲ ಇವನ್ನು ಬಿಚ್ಚಿ. ದೀಪ ತಗ್ಗಿಸಿ, ಫ್ಯಾನಿನ ಸದ್ದು ಕಾಡುತ್ತಿದ್ದರೆ ಆರಿಸಿ. ಇಷ್ಟಾಗಿ 20 ನಿಮಿಷ ಕಳೆದರೂ ಒಂಥರಾ ಹಾಗೇ ಇದ್ದರೆ ಆಗ ಮನಸ್ಸಿನ ಕಡೆ ತಿರುಗಿ: ಇವತ್ತು ಯಾರು ಏನಂದರು, ಯಾವ ಯೋಜನೆ ತಪ್ಪಿತು, ನಾಳೆ ಏನಿದೆ.

ಕಾಫಿಯ ಬಗ್ಗೆ ಒಂದು ಮಾತು. ಮಧ್ಯಾಹ್ನದ ಊಟ ಬಿಟ್ಟು ಎರಡು ಕಾಫಿ ಕುಡಿದವರಿಗೆ ಎದೆ ಢವಢವ, ಕೈ ನಡುಕ ಬರಬಹುದು. ಅದು ಥೇಟ್ ಆತಂಕದಂತೆಯೇ ಇರುತ್ತದೆ. ಊಟದ ಹೊತ್ತು ಸರಿಪಡಿಸದೆ ಆತಂಕದ ಲೆಕ್ಕ ಹಾಕಬೇಡಿ.

ಊಟಕ್ಕೆ ಮೊಬೈಲಿನಲ್ಲಿ ಅಲಾರಂ ಇಡಿ ಎಂದು ಎಲ್ಲರೂ ಹೇಳುತ್ತಾರೆ, ಒಂದು ವಾರದಲ್ಲಿ ಅದು ಕೆಡುತ್ತದೆ. ಕೆಲಸದಲ್ಲಿ ಮುಳುಗಿದಾಗ ಕೈ ತಾನಾಗಿ ಅದನ್ನು ಆರಿಸಿಬಿಡುತ್ತದೆ, ಆರಿಸಿದ್ದು ನೆನಪೂ ಇರುವುದಿಲ್ಲ. ಹೇಗೂ ನಡೆಯುವ ಒಂದು ಕೆಲಸಕ್ಕೆ ಊಟವನ್ನು ಗಂಟು ಹಾಕಿ: ಮಧ್ಯಾಹ್ನ ಒಂದು ಗಂಟೆಗಿರುವ ಮೀಟಿಂಗ್ ಮುಗಿದರೆ ಡಬ್ಬಿ ತೆರೆಯುವುದು, ಸಹೋದ್ಯೋಗಿ ಎದ್ದರೆ ಜೊತೆಗೆ ಏಳುವುದು. ಡಬ್ಬಿ ಕೀಬೋರ್ಡಿನ ಪಕ್ಕದಲ್ಲಿ ಕಣ್ಣಿಗೆ ಬೀಳುವಂತಿರಲಿ. ಚೀಲದೊಳಗಿದ್ದದ್ದು ಇಲ್ಲದಂತೆಯೇ. ದಿನವೂ ಅದೇ ಮೊಸರನ್ನವಾದರೂ ಚಿಂತೆಯಿಲ್ಲ, ಒಂದೇ ಊಟದಲ್ಲಿ ನೆಮ್ಮದಿ ಇದ್ದರೆ ಅದನ್ನೇ ಉಣ್ಣಿ. ಬೇಯಿಸುವ ತ್ರಾಣವಿಲ್ಲದ ಸಂಜೆಗೆಂದು ಬಾಳೆಹಣ್ಣು, ಹುರಿಗಡಲೆ, ತೆಳು ಅವಲಕ್ಕಿ ಮನೆಯಲ್ಲಿರಲಿ.

ಇನ್ನು ಅಮ್ಮನ ವಿಷಯ. ಎಂಟು ಗಂಟೆ ಮುಖಭಾವ, ಕಣ್ಣೋಟ, ದನಿ ಎಲ್ಲವನ್ನೂ ಹಿಡಿತದಲ್ಲಿಟ್ಟು ಬಂದಿರುತ್ತೀರಿ. ಮನೆಯಲ್ಲಿ ಕುಕ್ಕರ್ ಕೂಗುತ್ತಿರುತ್ತದೆ, ಟೀವಿ ಓಡುತ್ತಿರುತ್ತದೆ, ಮೇಲಿಂದ ‘ಇವತ್ತು ಹೇಗಿತ್ತು?’ ಎಂಬ ಪ್ರಶ್ನೆ. ‘ಹೇಗಿತ್ತು’ ಎಂಬುದಕ್ಕೆ ಇಡೀ ದಿನವನ್ನು ಮಗುಚಿ ಹಾಕಿ ಒಂದು ಉತ್ತರ ಕಟ್ಟಬೇಕು. ಆ ಹೊತ್ತಿಗೆ ಅದು ತುಂಬಾ ಭಾರ. ‘ಊಟ ಆಯ್ತಾ?’ ಎಂದರೆ ಹೌದು, ಇಲ್ಲ ಎಂದರೆ ಸಾಕು. ಆದರೆ ಅದಕ್ಕೂ ಅಭ್ಯಾಸಬಲದಿಂದ ‘ಆಯ್ತು’ ಎಂದುಬಿಡುವುದುಂಟು. ಹಾಗಾಗಿ ಕೇಳುವ ಬದಲು ತಟ್ಟೆ ತಂದು ಪಕ್ಕದಲ್ಲಿಟ್ಟರೆ ಒಳ್ಳೆಯದು.

ಇದನ್ನು ಅಮ್ಮನಿಗೆ ಸಂಜೆಯ ಜಗಳದ ನಡುವೆ ಹೇಳಬೇಡಿ, ಭಾನುವಾರ ಬೆಳಿಗ್ಗೆ ಹೇಳಿ. ಮಾತು ಹೀಗಿರಲಿ: ‘ಅಮ್ಮಾ, ನಾನು ಬಂದ ಮೇಲೆ 40 ನಿಮಿಷ ಏನೂ ಕೇಳಬೇಡ. ನಿನ್ನ ಮೇಲೆ ಸಿಟ್ಟಿಲ್ಲ. 40 ನಿಮಿಷ ಆದಮೇಲೆ ನಾನೇ ಅಡುಗೆಮನೆಗೆ ಬರ್ತೀನಿ.’ ಕೊನೆಯ ವಾಕ್ಯವನ್ನು ಬಿಡಬೇಡಿ, ಹೇಳಿದಂತೆ ಹೋಗುವುದನ್ನೂ ತಪ್ಪಿಸಬೇಡಿ. ಕಾಯುವುದು ಎಷ್ಟು ಹೊತ್ತು ಎಂದು ಗೊತ್ತಿದ್ದರೆ ಅವರಿಗೂ ಗಾಬರಿಯಿಲ್ಲ. ಮಾತು ನಿಂತುಹೋಗುವ ದಿನಗಳಿಗಾಗಿ ಮೊಬೈಲಿನಲ್ಲಿ ಒಂದು ಸಂದೇಶ ಮೊದಲೇ ಬರೆದಿಟ್ಟುಕೊಳ್ಳಿ: ‘ಈಗ ಮಾತು ಬರ್ತಿಲ್ಲ, ಅಪಾಯ ಏನಿಲ್ಲ, ಲೈಟ್ ಆರಿಸಿ ಬಿಟ್ಟುಬಿಡು.’ ಆ ಸ್ಥಿತಿಯಲ್ಲಿ ಒತ್ತಾಯಿಸಿ ಮಾತಾಡಿಸಿದಷ್ಟೂ ಮಾತು ಮರಳುವುದು ತಡವಾಗುತ್ತದೆ.

ಡಾಕ್ಟರ ಹತ್ತಿರ ಒಂದು ಹಾಳೆ ಬರೆದುಕೊಂಡು ಹೋಗಿ, ಕೂತ ತಕ್ಷಣ ಕೊಡಿ. ಮೊದಲ ಸಾಲು: ‘ನನಗೆ ಆಟಿಸಂ ಇದೆ. ನೋವಿದ್ದರೂ ಮುಖದಲ್ಲಿ ಕಾಣದಿರಬಹುದು.’ ಇದು ಬಹಳ ಮುಖ್ಯ, ಏಕೆಂದರೆ ಶಾಂತವಾಗಿ ಕೂತವರ ನೋವು ಚಿಕ್ಕದೆಂದು ತಿಳಿಯುವ ಸಂಭವ ಹೆಚ್ಚು. ‘ಒಂದರಿಂದ ಹತ್ತರಲ್ಲಿ ಎಷ್ಟು ನೋವು’ ಎಂದರೆ ಅಂಕಿ ಹುಡುಕುತ್ತ ಕೂರಬೇಡಿ, ಏನು ಮಾಡಲಾಗುತ್ತಿಲ್ಲ ಎಂದು ಬರೆಯಿರಿ: ಮೂರು ದಿನದಿಂದ ರಾತ್ರಿ ಎರಡು ಸಲ ಎಚ್ಚರವಾಗುತ್ತಿದೆ, ಮೆಟ್ಟಿಲು ಹತ್ತುವಾಗ ನಿಲ್ಲಬೇಕಾಗುತ್ತಿದೆ, ನಾಲ್ಕು ದಿನದಿಂದ ಮಲವಿಸರ್ಜನೆ ಆಗಿಲ್ಲ. ಮಲಬದ್ಧತೆ ಆಟಿಸಂ ಇರುವವರಲ್ಲಿ ಹೆಚ್ಚು, ಸಂಕೋಚದಿಂದ ಅದನ್ನು ಬಿಡಬೇಡಿ. ‘ಸಂಕಟ’ ಎಂಬ ಪದವನ್ನು ಮಾತ್ರ ಬರೆಯಬೇಡಿ. ವಾಂತಿ ಬರುವಂತಾಗುವುದಕ್ಕೂ, ಮನಸ್ಸಿನ ನೋವಿಗೂ ನಾವು ಅದನ್ನೇ ಬಳಸುತ್ತೇವೆ. ಬೆರಳಿಟ್ಟು ಜಾಗ ತೋರಿಸಿ. ಮುಟ್ಟುವ ಮೊದಲು ಹೇಳಿ ಎಂದು ಕೇಳಿಕೊಳ್ಳಿ. ಔಷಧಿಯ ಪ್ರಮಾಣವನ್ನು ಬರೆಸಿಕೊಂಡೇ ಏಳಿ.

ಕಾಯುವ ಜಾಗದ ಗದ್ದಲವೇ ದೊಡ್ಡ ಕಷ್ಟವಾದರೆ ದಿನದ ಮೊದಲ ಟೋಕನ್ ಕೇಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇದೆ, ಚಿಕಿತ್ಸೆಯಲ್ಲಿ ಆದ್ಯತೆ ಕೊಡಬೇಕೆಂಬ ಮಾತು ಅದರ 25ನೇ ಸೆಕ್ಷನ್ನಿನಲ್ಲಿದೆ. ಯುಡಿಐಡಿ ಕಾರ್ಡ್ (ಸರ್ಕಾರ ಕೊಡುವ ವಿಕಲಚೇತನರ ಗುರುತಿನ ಚೀಟಿ) ಇದ್ದರೆ ತೋರಿಸಿ.

ಎದೆಯಲ್ಲಿ ಒತ್ತಿದಂತಾಗಿ ಬೆವರುವುದು, ಉಸಿರು ಸಿಗದಿರುವುದು, ಹೊಟ್ಟೆನೋವು ಬಲಗಡೆ ಕೆಳಕ್ಕೆ ಸರಿದು ನಿಲ್ಲುವುದು, ವಾಂತಿಯಲ್ಲಿ ರಕ್ತ: ಇವುಗಳಲ್ಲಿ ಯಾವುದಿದ್ದರೂ, ನೋವು ಸಣ್ಣದೆನಿಸಿದರೂ, ಮೇಲೆ ಹೇಳಿದ 20 ನಿಮಿಷದ ಲೆಕ್ಕ ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ.

ಮನಸ್ಸು ಕುಗ್ಗಿರುವುದನ್ನೂ ನಡತೆಯಿಂದಲೇ ಗುರುತಿಸಿ. ‘ಬೇಜಾರಾ?’ ಎಂದರೆ ಉತ್ತರ ಸಿಗದಿರಬಹುದು. ಆದರೆ ನಿಮಗೆ ಅತಿ ಇಷ್ಟವಾದ ವಿಷಯವನ್ನು ಎರಡು ವಾರ ಮುಟ್ಟಿಲ್ಲ, ಸ್ನಾನ ತಪ್ಪುತ್ತಿದೆ, ನಿದ್ದೆಯ ಹೊತ್ತು ಕೆಟ್ಟಿದೆ ಎಂದಾದರೆ ಮನೋವೈದ್ಯರನ್ನು ಕಾಣಿ. ಸಾಯುವ ಯೋಚನೆ ಬಂದರೆ ಆ ದಿನವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಕರೆ ಮಾಡುವ ಮುಂಚೆ ಮೊದಲ ವಾಕ್ಯವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ನೋಡಿಕೊಂಡೇ ಓದಿ: ‘ನನಗೆ ಆಟಿಸಂ ಇದೆ, ಸಾಯುವ ಯೋಚನೆ ಬರ್ತಿದೆ, ಮಾತು ನಿಧಾನ, ದಯವಿಟ್ಟು ಒಂದೊಂದೇ ಪ್ರಶ್ನೆ ಕೇಳಿ.’ ಕರೆ ಮಾಡಲು ಮಾತೇ ಹೊರಡದಿದ್ದರೆ ಆ ಹಾಳೆಯನ್ನು ಅಮ್ಮನ ಕೈಗೆ ಕೊಡಿ, ಕರೆಯನ್ನು ಅವರೇ ಮಾಡಲಿ.