ಓದುಗರ ಪ್ರಶ್ನೆ: ಒಂದು ಚೂರು ಚೀಸ್ ಎಂದರೆ ಎಷ್ಟು ಗ್ರಾಂ?

ಕಳೆದ ಸಂಚಿಕೆಯಲ್ಲಿ ಯಾರಿಗೋ ಉತ್ತರಿಸುತ್ತಾ ‘ಚೀಸನ್ನು ಸ್ವಲ್ಪ ಕಡಿಮೆ ಮಾಡಿ’ ಎಂದು ಒಂದು ಸಾಲು ಬರೆದಿದ್ದೆ. ಅಷ್ಟಕ್ಕೇ ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಾಲು, ಚೀಸ್, ಬೆಣ್ಣೆಯ ವಿಷಯವೇ. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ದೂಡಿದ್ದೇನೆ.

ಪ್ರಶ್ನೆ: ನನಗೆ 46 ವರ್ಷ. ರಕ್ತಪರೀಕ್ಷೆಯಲ್ಲಿ ಎಲ್‌ಡಿಎಲ್ ಕೊಲೆಸ್ಟರಾಲ್, ಅದೇ ‘ಕೆಟ್ಟ’ ಕೊಲೆಸ್ಟರಾಲ್, ಹೆಚ್ಚಿದೆ. ಬೆಣ್ಣೆ, ಚೀಸ್ ಕಡಿಮೆ ಮಾಡಿ ಎಂದು ವೈದ್ಯರು ಹೇಳಿದರು. ಮೂರು ಸಲ ಚೀಸನ್ನು ಪೂರ್ತಿ ಬಿಟ್ಟೆ. ಮೂರು ಸಲವೂ ಐದನೇ ದಿನ ರಾತ್ರಿ ಹನ್ನೊಂದಕ್ಕೆ ಫ್ರಿಜ್ ಬಾಗಿಲು ತೆರೆದು ನಿಂತಿದ್ದೆ. ಊಟ ಏಳೂವರೆಗೇ ಮುಗಿದಿರುತ್ತದೆ. ಚೀಸಿನಲ್ಲಿ ಮಾದಕ ವಸ್ತುವಿನಂಥ ಅಂಶವಿದೆ ಎಂದು ಓದಿದೆ. ನಿಜವೇ ಮೇಡಂ?

ಉತ್ತರ: ನಿಮ್ಮ ಪತ್ರ ಓದಿ ನಕ್ಕೆ. ಗೇಲಿಯ ನಗುವಲ್ಲ, ನನ್ನಂಥವರೊಬ್ಬರು ಸಿಕ್ಕರಲ್ಲ ಎನ್ನುವ ನಗು. ಇಪ್ಪತ್ತೇಳು ವರ್ಷ ಆಹಾರದ ಸಲಹೆ ಕೊಡುತ್ತಾ ಬೇರೆಯವರ ತಟ್ಟೆ ತಿದ್ದಿದವಳು ನಾನು. ಆರು ವರ್ಷದ ಹಿಂದೆ ನನ್ನದೇ ವರದಿಯಲ್ಲಿ ಎಲ್‌ಡಿಎಲ್ ಏರಿ ಕುಳಿತಿತ್ತು. ‘ನಾನು ತಿನ್ನುವುದು ಒಂದು ಚೂರು ಚೀಸ್ ಅಷ್ಟೇ’ ಎಂದೆ ವೈದ್ಯರಿಗೆ. ಆ ಹುಡುಗ ವೈದ್ಯ ತಲೆ ಎತ್ತದೆ ಕೇಳಿದ: ‘ಚೂರು ಎಂದರೆ ಎಷ್ಟು ಗ್ರಾಂ, ಮೇಡಂ?’ ಸಾವಿರಾರು ಜನರಿಗೆ ನಾನು ಕೇಳಿದ ಪ್ರಶ್ನೆ ಅದು. ನನ್ನ ಬಳಿ ಉತ್ತರವಿರಲಿಲ್ಲ.

ಮನೆಗೆ ಬಂದು ಒಂದು ವಾರ ಎಲ್ಲವನ್ನೂ ತೂಗಿದೆ. ಬೆಳಗಿನ ಬ್ರೆಡ್ಡಿನ ಮೇಲೆ 30 ಗ್ರಾಂ. ತರಕಾರಿ ಹೆಚ್ಚುವಾಗ ನಿಂತಲ್ಲೇ ಬಾಯಿಗೆ ಹಾಕಿಕೊಳ್ಳುತ್ತಿದ್ದ ತುಂಡುಗಳು, ಇವುಗಳನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ, 15 ಗ್ರಾಂ. ರಾತ್ರಿಯ ಪಾಸ್ತಾದ ಮೇಲೆ ಒಂದು ಹಿಡಿ ತುರಿ. ಭಾನುವಾರ ಕೂಡಿ ನೋಡಿದರೆ ವಾರಕ್ಕೆ 480 ಗ್ರಾಂ! ದಿನಕ್ಕೆ ಹತ್ತಿರ ಹತ್ತಿರ 70. ಚೆಡ್ಡಾರ್‌ನಂಥ ಚೀಸಿನ 100 ಗ್ರಾಂನಲ್ಲಿ ಸುಮಾರು 33 ಗ್ರಾಂ ಕೊಬ್ಬು, ಅದರಲ್ಲಿ 20 ಗ್ರಾಂನಷ್ಟು ಸ್ಯಾಚುರೇಟೆಡ್ ಕೊಬ್ಬು, ಅಂದರೆ ಎಲ್‌ಡಿಎಲ್ ಏರಿಸುವ ಬಗೆಯದು, ಇರುತ್ತದೆ. ದಿನದ ಒಟ್ಟು ಕ್ಯಾಲರಿಯಲ್ಲಿ ಈ ಕೊಬ್ಬಿನ ಪಾಲು ಶೇ 10 ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2000 ಕ್ಯಾಲರಿ ತಿನ್ನುವವರಿಗೆ ಅದು 22 ಗ್ರಾಂ ಆಯಿತು. ನನ್ನ ‘ಒಂದು ಚೂರು’ ಅದರಲ್ಲಿ 14 ಗ್ರಾಂ ನುಂಗಿಬಿಟ್ಟಿತ್ತು. ನೀವೂ ಮೊದಲು ಒಂದು ವಾರ ಏನನ್ನೂ ಬಿಡದೆ ಬರೀ ತೂಗಿ, ಬರೆದಿಡಿ.

ಮಾದಕ ವಸ್ತುವಿನ ಮಾತು ಎತ್ತು ಈಯಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಬಗೆಯದು. ಹಾಲಿನ ಕೇಸೀನ್ ಎಂಬ ಪ್ರೋಟೀನ್ ಜೀರ್ಣವಾಗುವಾಗ ಕ್ಯಾಸೊಮಾರ್ಫಿನ್ ಎಂಬ ತುಣುಕುಗಳು ಹುಟ್ಟುವುದು ನಿಜ. ಹೆಸರಿನಲ್ಲಿ ಮಾರ್ಫಿನ್ ಇರುವುದರಿಂದ ಸುದ್ದಿಗೆ ರೆಕ್ಕೆ ಬಂತು. ಆದರೆ ಚೀಸ್ ತಿಂದ ಮನುಷ್ಯರಲ್ಲಿ ಅವು ಮಿದುಳಿಗೆ ಹೋಗಿ ಚಟ ಹಿಡಿಸುತ್ತವೆ ಎಂಬುದಕ್ಕೆ ಪುರಾವೆಯಿಲ್ಲ. ಹಾಲಿನಲ್ಲೂ ಅದೇ ಕೇಸೀನ್ ಇದೆ. ಹಾಲಿಗಾಗಿ ಯಾರಾದರೂ ರಾತ್ರಿ ಹನ್ನೊಂದಕ್ಕೆ ಕಳ್ಳಹೆಜ್ಜೆ ಇಡುತ್ತಾರೆಯೇ? ಎಳೆಯುವುದು ಉಪ್ಪು, ಕೊಬ್ಬು, ಜೊತೆಗೆ ಹಳೆಯ ಚೀಸಿನಲ್ಲಿರುವ ಗ್ಲುಟಮೇಟ್ ಎಂಬ ಅಂಶದ ಮಾಂಸದಂಥ ರುಚಿ. ಅದಕ್ಕಿಂತ ಮುಖ್ಯವಾದದ್ದನ್ನು ನೀವೇ ಬರೆದಿದ್ದೀರಿ: ಊಟ ಏಳೂವರೆಗೆ, ಫ್ರಿಜ್ ಹನ್ನೊಂದಕ್ಕೆ. ಸ್ವಾಮಿ, ಅದು ಹಸಿವು. ರಾತ್ರಿಯ ಊಟದಲ್ಲಿ ಕಾಳು ಹೆಚ್ಚಿಸಿ, ಇಲ್ಲವೇ ಒಂಬತ್ತೂವರೆಗೆ ಒಂದು ಹಿಡಿ ಬೀಜಗಳನ್ನು ತಿಂದು ನೋಡಿ.

ಪೂರ್ತಿ ಬಿಡಬೇಡಿ. ಬದಲಿಗೆ, ತಟ್ಟೆಯಲ್ಲಿ ಚೀಸ್ ಯಾವ ಕೆಲಸ ಮಾಡುತ್ತಿದೆ ಎಂದು ನೋಡಿ. ಪಾಸ್ತಾದಲ್ಲಿ ಅದರ ಕೆಲಸ ರುಚಿ ಕೊಡುವುದು. ಆ ಕೆಲಸಕ್ಕೆ 50 ಗ್ರಾಂ ಮೆದು ಚೀಸ್ ದಂಡ. ವರ್ಷಗಟ್ಟಲೆ ಮಾಗಿದ ಪಾರ್ಮೆಸಾನ್‌ನಂಥದ್ದು 10 ಗ್ರಾಂ ಸಾಕು. ಮಾಗುತ್ತಾ ಮಾಗುತ್ತಾ ಪ್ರೋಟೀನ್ ಒಡೆದು ಗ್ಲುಟಮೇಟ್ ಬಿಡುಗಡೆಯಾಗುವುದರಿಂದಲೇ ಅದಕ್ಕೆ ಆ ಖದರು. ಅದನ್ನೂ ದಪ್ಪ ರಂಧ್ರದ ತುರಿಮಣೆಯಲ್ಲಿ ತುರಿಯಬೇಡಿ. ಅತಿ ಸಣ್ಣ ಹಲ್ಲಿನದರಲ್ಲಿ ತುರಿದರೆ 10 ಗ್ರಾಂ ಹತ್ತಿಯಂತೆ ಅರಳಿ ತಟ್ಟೆ ತುಂಬುತ್ತದೆ.

ಉಳಿದ ರುಚಿಯನ್ನು ಅಣಬೆಯಿಂದ ತೆಗೆಯಿರಿ. ಬಾಣಲೆ ಚೆನ್ನಾಗಿ ಕಾದ ಮೇಲೆ ಹೋಳುಗಳನ್ನು ಒಂದರ ಮೇಲೊಂದು ಬೀಳದಂತೆ ಹರಡಿ, ಕೈಯಾಡಿಸದೆ ಸುಮ್ಮನಿರಿ. ಮೊದಲು ನೀರು ಬಿಟ್ಟುಕೊಂಡು ಕೊತಕೊತ ಎನ್ನುತ್ತವೆ. ಆ ನೀರು ಇಂಗಿದ ಕೂಡಲೇ ಸದ್ದು ಚಟಪಟಕ್ಕೆ ತಿರುಗುತ್ತದೆ. ಆಗ ಒಂದು ಚಮಚ ಎಣ್ಣೆ, ಉಪ್ಪು, ಜಜ್ಜಿದ ಬೆಳ್ಳುಳ್ಳಿ ಹಾಕಿ. ಅಂಚು ಕಂದಾಗುವವರೆಗೆ ಬಿಡಿ. ಟೊಮೆಟೊ ಪೇಸ್ಟನ್ನು ಇಟ್ಟಿಗೆ ಬಣ್ಣಕ್ಕೆ ತಿರುಗುವಷ್ಟು ಹುರಿದು ಇದಕ್ಕೆ ಸೇರಿಸಿದರೆ ಚೀಸನ್ನು ಹುಡುಕುವವರು ಕಡಿಮೆ.

ಸ್ಯಾಂಡ್‌ವಿಚ್‌ಗೆ ಬೆಣ್ಣೆ ಅಥವಾ ಚೀಸ್, ಎರಡೂ ಒಟ್ಟಿಗೆ ಬೇಡ. ಒಂದನ್ನು ಆರಿಸಬೇಕಾದರೆ ಬೆಣ್ಣೆಯನ್ನೇ ಮೊದಲು ಬಿಡಿ. ಸ್ಯಾಚುರೇಟೆಡ್ ಕೊಬ್ಬು ಅಷ್ಟೇ ಇದ್ದರೂ ಚೀಸ್ ಬೆಣ್ಣೆಯಷ್ಟು ಎಲ್‌ಡಿಎಲ್ ಏರಿಸುವುದಿಲ್ಲ ಎಂದು ಜನರಿಗೆ ತಿನ್ನಿಸಿ ನೋಡಿದ ಪ್ರಯೋಗಗಳಲ್ಲೇ ಕಂಡಿದೆ. ಮತ್ತೆ ಆ ತೆಳ್ಳನೆಯ ಪ್ರಾಸೆಸ್ಡ್ ಚೀಸ್ ಹಾಳೆಗಳು: ನಯವಾಗಿ ಕರಗಲೆಂದು ಅವುಗಳಿಗೆ ಸೋಡಿಯಂ ಲವಣಗಳನ್ನು ಬೆರೆಸುತ್ತಾರೆ. ತೆಳ್ಳಗಿದೆಯಲ್ಲ ಎಂದು ಎರಡು ಎಳೆದುಕೊಳ್ಳುವ ಮುಂಚೆ ಪೊಟ್ಟಣದ ಹಿಂಬದಿ ಓದಿ.

ನನ್ನ 480 ಗ್ರಾಂ ಈಗ 150ರ ಆಸುಪಾಸಿನಲ್ಲಿದೆ. ಎಲ್‌ಡಿಎಲ್ ಇಳಿಯಿತು. ಅದೇ ವರ್ಷ ಸಂಜೆಯ ನಡಿಗೆಯನ್ನೂ ಶುರುಮಾಡಿದ್ದರಿಂದ ಪೂರ್ತಿ ಶ್ರೇಯಸ್ಸನ್ನು ತುರಿಮಣೆಗೆ ಕೊಡಲಾರೆ. ನಿಮ್ಮ ವೈದ್ಯರು ಮಾತ್ರೆ ಬರೆದಿದ್ದರೆ ಚೀಸ್ ಕಡಿಮೆಯಾಯಿತೆಂದು ಅದನ್ನು ನೀವೇ ನಿಲ್ಲಿಸಬೇಡಿ.

ಪ್ರಶ್ನೆ: ಒಂದು ಲೋಟ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಗುಡುಗುಡು ಎನ್ನುತ್ತದೆ. ಚೀಸ್, ಮೊಸರು ತಿಂದರೆ ಏನೂ ಆಗುವುದಿಲ್ಲ. ಹಾಲಿನದೆಲ್ಲವನ್ನೂ ಬಿಡು ಎನ್ನುತ್ತಾಳೆ ಗೆಳತಿ. ಬಿಡಲೇ?

ಉತ್ತರ: ಬಿಡಬೇಡಿ. ನಿಮ್ಮ ಹೊಟ್ಟೆ ಗೆಳತಿಗಿಂತ ಸ್ಪಷ್ಟವಾಗಿ ಮಾತನಾಡುತ್ತಿದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಸಣ್ಣ ಕರುಳಿನಲ್ಲಿರುತ್ತದೆ. ಬಾಲ್ಯ ಕಳೆದ ಮೇಲೆ ಲೋಕದ ಮೂರರಲ್ಲಿ ಎರಡು ಪಾಲು ಜನರಲ್ಲಿ ಅದು ಕಡಿಮೆಯಾಗುತ್ತದೆ. ಒಡೆಯದ ಸಕ್ಕರೆ ದೊಡ್ಡ ಕರುಳಿಗೆ ಇಳಿದು ನೀರೆಳೆದುಕೊಳ್ಳುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಗಾಳಿ ಎಬ್ಬಿಸುತ್ತವೆ. ನಿಮ್ಮ ಗುಡುಗುಡು ಅದೇ. ಚೀಸ್ ಮಾಡುವಾಗ ಲ್ಯಾಕ್ಟೋಸ್ ಬಹುಪಾಲು ಹಾಲೊಡಕಿನ ಜೊತೆ ಹರಿದುಹೋಗುತ್ತದೆ. ಅಳಿದುಳಿದದ್ದನ್ನು ಮಾಗುವಾಗ ಬ್ಯಾಕ್ಟೀರಿಯಾ ತಿಂದು ಮುಗಿಸುತ್ತವೆ. ಮೊಸರಿನಲ್ಲಿ ಲ್ಯಾಕ್ಟೋಸ್ ಇದ್ದರೂ ಅದನ್ನು ಒಡೆಯಲು ಜೀವಂತ ಬ್ಯಾಕ್ಟೀರಿಯಾಗಳೇ ನೆರವಿಗೆ ಬರುತ್ತವೆ.

ಒಂದು ಲೋಟ ಹಾಲಿನಲ್ಲಿ ಸುಮಾರು 12 ಗ್ರಾಂ ಲ್ಯಾಕ್ಟೋಸ್ ಇದೆ. ನಿಮ್ಮಂಥವರಲ್ಲಿ ಅನೇಕರು ಊಟದ ಜೊತೆ ಅಷ್ಟನ್ನು ತಾಳಿಕೊಳ್ಳುತ್ತಾರೆ, ಖಾಲಿ ಹೊಟ್ಟೆಯಲ್ಲಿ ಒದ್ದಾಡುತ್ತಾರೆ. ಅರ್ಧ ಲೋಟವನ್ನು ತಿಂಡಿಯ ಜೊತೆ ಕುಡಿದು ನೋಡಿ. ಲ್ಯಾಕ್ಟೋಸ್ ರಹಿತ ಹಾಲೂ ಸಿಗುತ್ತದೆ. ಅದು ಹಾಲೇ, ಸಕ್ಕರೆಯನ್ನು ಮೊದಲೇ ಒಡೆದಿರುವುದರಿಂದ ತುಸು ಸಿಹಿ ಅಷ್ಟೇ. ಆದರೆ ತುಟಿ ಊದಿಕೊಳ್ಳುವುದು, ಮೈಮೇಲೆ ದದ್ದು ಏಳುವುದು, ಉಸಿರು ಕಟ್ಟುವುದು ಇದ್ದರೆ ಅದು ಹಾಲಿನ ಪ್ರೋಟೀನಿನ ಅಲರ್ಜಿ, ಬೇರೆಯದೇ ಕಾಯಿಲೆ. ಅಲ್ಲಿ ಅರ್ಧ ಲೋಟದ ಪ್ರಯೋಗ ಸಲ್ಲದು, ವೈದ್ಯರ ಬಳಿ ಹೋಗಿ.

ಪ್ರಶ್ನೆ: ನಾವು ಗಂಡ ಹೆಂಡತಿ ಹಾಲು ಬಿಟ್ಟು ಬಾದಾಮಿ ಹಾಲಿಗೆ ಬದಲಾಗಿದ್ದೇವೆ. ಹತ್ತು ತಿಂಗಳ ಮಗುವಿಗೂ ಅದನ್ನೇ ಕೊಡಬಹುದೇ?

ಉತ್ತರ: ಬೇಡ. ಬೆಳ್ಳಗಿರುವುದೆಲ್ಲ ಹಾಲಲ್ಲ. ಬಾದಾಮಿ ಪೇಯದ ಒಂದು ಲೋಟದಲ್ಲಿ ಪ್ರೋಟೀನ್ ಹೆಚ್ಚೆಂದರೆ ಒಂದೆರಡು ಗ್ರಾಂ, ಉಳಿದದ್ದು ಬಹುಪಾಲು ನೀರು. ವರ್ಷ ತುಂಬುವವರೆಗೆ ಮಗುವಿನ ಮುಖ್ಯ ಆಹಾರ ಎದೆಹಾಲು ಅಥವಾ ಶಿಶುಗಳಿಗೆಂದೇ ತಯಾರಿಸಿದ ಫಾರ್ಮುಲಾ. ದೊಡ್ಡವರ ವ್ರತಕ್ಕೆ ಕೂಸನ್ನು ಕೂರಿಸಬೇಡಿ. ವರ್ಷದ ನಂತರ ಏನು ಎಂಬುದನ್ನು ಮಕ್ಕಳ ವೈದ್ಯರ ಜೊತೆ ಕುಳಿತು ನಿರ್ಧರಿಸಿ.

ಪ್ರಶ್ನೆ: ಸೋಯಾ ಹಾಲು ಕಾಫಿಗೆ ಹಾಕಿದ ತಕ್ಷಣ ಒಡೆದು ತೇಲುತ್ತದೆ. ನೋಡಿದರೇ ಕುಡಿಯುವ ಮನಸ್ಸಾಗುವುದಿಲ್ಲ. ಹಾಲು ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಕಾಫಿಯ ಹುಳಿ ಮತ್ತು ಬಿಸಿ ಎರಡೂ ಒಟ್ಟಿಗೆ ತಗುಲಿದಾಗ ಸೋಯಾ ಪ್ರೋಟೀನ್ ಮುದ್ದೆಗಟ್ಟುತ್ತದೆ. ಕ್ರಮ ತಿರುಗಿಸಿ: ಸೋಯಾ ಹಾಲನ್ನು ಉಗುರುಬೆಚ್ಚಗೆ ಮಾಡಿ ಕಪ್ಪಿಗೆ ಮೊದಲು ಹಾಕಿ, ಅದರ ಮೇಲೆ ಕಾಫಿಯನ್ನು ನಿಧಾನವಾಗಿ ಸುರಿಯಿರಿ. ಕಾಫಿ ಕುದಿಯುತ್ತಿರಬಾರದು. ಹುಳಿ ಕಡಿಮೆ ಇರುವ, ಹೆಚ್ಚು ಹುರಿದ ಪುಡಿಯಾದರೆ ಇನ್ನೂ ಒಳ್ಳೆಯದು. ಡಬ್ಬಿಯನ್ನು ಚೆನ್ನಾಗಿ ಅಲ್ಲಾಡಿಸುವುದನ್ನು ಮರೆಯಬೇಡಿ, ಬೆರೆಸಿದ ಕ್ಯಾಲ್ಸಿಯಂ ತಳದಲ್ಲೇ ಕುಳಿತಿರುತ್ತದೆ.

ಪ್ರಶ್ನೆ: 52 ವರ್ಷದ ಸಸ್ಯಾಹಾರಿ ಹೆಂಗಸು ನಾನು, ಮೊಟ್ಟೆಯೂ ಇಲ್ಲ. ಪರಿಸರದ ಕಾಳಜಿಯಿಂದ ಎರಡು ಲೋಟ ಹಾಲು, ದಿನದ ಚೀಸ್ ಎರಡನ್ನೂ ಬಿಡಬೇಕೆಂದಿದ್ದೇನೆ. ಪಾಲಕ್ ಸೊಪ್ಪಿನಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ ಇದೆಯಲ್ಲವೇ?

ಉತ್ತರ: ಸೊಪ್ಪಿನಲ್ಲಿದೆ, ನಿಮಗೆ ಸಿಗುವುದಿಲ್ಲ. ಪಾಲಕ್‌ನ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ದೇಹ ಹೀರಿಕೊಳ್ಳುವುದು ಶೇ 5ರಷ್ಟು ಮಾತ್ರ. ಹಾಲಿನಿಂದಾದರೆ ಶೇ 30ರ ಹತ್ತಿರ. ಕೋಸಿನ ಬಳಗದ ಬ್ರೊಕೊಲಿ, ಕೇಲ್‌ಗಳಲ್ಲಿ ಆಕ್ಸಲೇಟ್ ಕಡಿಮೆ, ಆದ್ದರಿಂದ ಅವುಗಳಿಂದ ಚೆನ್ನಾಗಿ ಒದಗುತ್ತದೆ. ತೋಫು (ಸೋಯಾ ಪನೀರ್) ಕೊಳ್ಳುವಾಗ ಕ್ಯಾಲ್ಸಿಯಂ ಸಲ್ಫೇಟ್ ಹಾಕಿ ಹೆಪ್ಪುಗಟ್ಟಿಸಿದ್ದನ್ನೇ ಆರಿಸಿ. ಎಳ್ಳನ್ನು ಸಿಪ್ಪೆ ಸಮೇತ ತಿನ್ನಿ, ಕ್ಯಾಲ್ಸಿಯಂ ಹೆಚ್ಚಾಗಿರುವುದು ಸಿಪ್ಪೆಯಲ್ಲೇ.

ಎರಡು ಲೋಟ ಹಾಲು ಬಿಟ್ಟರೆ ಸುಮಾರು 600 ಮಿಲಿಗ್ರಾಂ ಕ್ಯಾಲ್ಸಿಯಂ ಕಳೆದುಕೊಳ್ಳುತ್ತೀರಿ. ದಿನಕ್ಕೆ ಎಷ್ಟು ಬೇಕು ಎಂಬುದಕ್ಕೆ ಸುಮಾರು 700ರಿಂದ 1200ರವರೆಗೆ ದೇಶಕ್ಕೊಂದು ಅಳತೆ ಇದೆ. ನಿಮ್ಮ ವಯಸ್ಸಿನಲ್ಲಿ ಋತುಬಂಧದ ಆಚೀಚೆ ಮೂಳೆ ಬೇಗ ಸವೆಯುವುದರಿಂದ ನಾನು ಮೇಲಿನ ಅಂಕಿಯ ಕಡೆಗೇ ವಾಲುತ್ತೇನೆ. ಇನ್ನೊಂದು ಸಂಗತಿ ನಿಮ್ಮ ಪತ್ರದಲ್ಲೇ ಇಲ್ಲ: ಬಿ12 ವಿಟಮಿನ್. ಮಾಂಸ, ಮೊಟ್ಟೆ ಇಲ್ಲದ ನಿಮಗೆ ಅದರ ಆಸರೆ ಹಾಲು, ಚೀಸುಗಳೇ ಆಗಿದ್ದವು. ಸೊಪ್ಪು, ಕಾಳುಗಳು ಅದನ್ನು ಕೊಡಲಾರವು. ಬಿ12 ಬೆರೆಸಿದ ಆಹಾರ ಅಥವಾ ಮಾತ್ರೆ ಬೇಕೇ ಬೇಕು, ಇದರಲ್ಲಿ ಚೌಕಾಸಿಯಿಲ್ಲ.

ಪರಿಸರವೇ ಕಾರಣವಾದರೆ ಚೀಸಿನಿಂದ ಶುರುಮಾಡಿ. ಒಂದು ಕಿಲೊ ಗಟ್ಟಿ ಚೀಸಿಗೆ ಸುಮಾರು 10 ಲೀಟರ್ ಹಾಲು ಬೇಕು. ಚೀಸ್ ಇಳಿಸಿ, ಒಂದು ಲೋಟ ಹಾಲನ್ನೋ ಮೊಸರನ್ನೋ ಉಳಿಸಿಕೊಂಡರೆ ಭೂಮಿಯ ಭಾರವೂ ಇಳಿಯುತ್ತದೆ, ನಿಮ್ಮ ಮೂಳೆಯೂ ಉಳಿಯುತ್ತದೆ.

ಪ್ರಶ್ನೆ: ಸಸ್ಯಜನ್ಯ ಚೀಸ್ ತಿಂದರೆ ಕೊಬ್ಬಿನ ಚಿಂತೆ ಇಲ್ಲವಷ್ಟೇ?

ಉತ್ತರ: ಪೊಟ್ಟಣದ ಚೀಟಿ ಓದಿ. ಬಹಳಷ್ಟು ಇಂಥ ಚೀಸ್ ತೆಂಗಿನ ಎಣ್ಣೆ ಮತ್ತು ಪಿಷ್ಟದಿಂದ ಆದದ್ದು. ಸ್ಯಾಚುರೇಟೆಡ್ ಕೊಬ್ಬು ಹಾಲಿನ ಚೀಸಿನಷ್ಟೇ ಇರಬಹುದು, ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ.

ಪ್ರಶ್ನೆ: ನಾನು ಕಡಿಮೆ ಮಾಡಲು ಸಿದ್ಧ. ಮನೆಯವರು ಒಪ್ಪುತ್ತಿಲ್ಲ. ಹೇಗೆ ಒಪ್ಪಿಸಲಿ ಅಮ್ಮ?

ಉತ್ತರ: ಒಪ್ಪಿಸುವ ಗೊಡವೆಗೆ ನಾನು ಹೋಗಲೇ ಇಲ್ಲ. ನಮ್ಮ ಯಜಮಾನರಿಗೆ ಊಟದ ನಡುವೆ ಆರೋಗ್ಯದ ಮಾತೆತ್ತಿದರೆ ಎದ್ದು ಹೋಗುವ ಸ್ವಭಾವ. ಹಾಗಾಗಿ ಚೀಸಿನ ಗಡ್ಡೆಯನ್ನು ಮೇಜಿನ ಮೇಲಿಡುವುದನ್ನು ನಿಲ್ಲಿಸಿದೆ. ಅಡುಗೆಮನೆಯಲ್ಲೇ ಸಣ್ಣ ಹಲ್ಲಿನ ತುರಿಮಣೆಯಲ್ಲಿ ತುರಿದು, ತಟ್ಟೆಗೆ ಹಾಕಿ ತರುತ್ತಿದ್ದೆ. ಮೊದಲ ವಾರ 40 ಗ್ರಾಂ, ಮುಂದಿನ ವಾರ 30, ಆಮೇಲೆ 20. ಅಣಬೆ ಹೆಚ್ಚುತ್ತಾ ಹೋಯಿತು. ಮೂರನೇ ತಿಂಗಳಲ್ಲಿ ಒಂದು ದಿನ ಪಾತ್ರೆ ಒರೆಸುತ್ತಾ ನಿಂತವರು ತುರಿಮಣೆಯನ್ನು ಎತ್ತಿ ಬೆಳಕಿಗೆ ಹಿಡಿದು ಕೇಳಿದರು: ‘ಹಳೆಯದು ಚೆನ್ನಾಗಿಯೇ ಇತ್ತಲ್ಲ, ಇದನ್ನು ಯಾವಾಗ ತಂದೆ?’