ಪೂರ್ತಿ ಇಳಿದುಹೋದ ಬ್ಯಾಟರಿ ಮತ್ತೆ ಉಪಯೋಗಕ್ಕೆ ಬರುತ್ತದೆಯೇ?

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಕಾರು ಎರಡು ತಿಂಗಳು ಶೆಡ್ಡಿನಲ್ಲೇ ನಿಂತಿತ್ತು. ಈಗ ಕೀ ತಿರುಗಿಸಿದರೆ ದೀಪವೂ ಹೊತ್ತುವುದಿಲ್ಲ. 35 ಆಂಪಿಯರ್-ಅವರ್‌ನ, ನೀರು ಹಾಕುವ ಮುಚ್ಚಳಗಳಿರುವ ಈ ಬ್ಯಾಟರಿಗೆ ಎರಡು ವರ್ಷವಷ್ಟೇ ಆಗಿದೆ. ಮೀಟರಿನಲ್ಲಿ 9 ವೋಲ್ಟ್ ತೋರಿಸುತ್ತದೆ. ಮನೆಯಲ್ಲಿರುವ ಆಟೊಮ್ಯಾಟಿಕ್ ಚಾರ್ಜರ್ ಇದನ್ನು ಚಾರ್ಜ್ ಮಾಡದೆ ನಿಂತುಬಿಡುತ್ತದೆ. ಹೊಸದನ್ನೇ ಕೊಳ್ಳಬೇಕೇ? – ಓದುಗರು, ತೀರ್ಥಹಳ್ಳಿ

ಉತ್ತರ: ಕೊಳ್ಳುವ ಮೊದಲು ಒಮ್ಮೆ ಪ್ರಯತ್ನಿಸಿ ನೋಡುವುದು ಖಂಡಿತ ಯೋಗ್ಯ. ನಿಂತ ಕಾರಿನಲ್ಲಿಯೂ ಅಲಾರಂ, ಗಡಿಯಾರ ಮತ್ತು ಕಂಪ್ಯೂಟರುಗಳು ಸ್ವಲ್ಪ ವಿದ್ಯುತ್ತನ್ನು ಎಳೆಯುತ್ತಲೇ ಇರುತ್ತವೆ. ಅದು 50 ಮಿಲಿ ಆಂಪಿಯರ್ ಎಂದಿಟ್ಟುಕೊಂಡರೂ ದಿನಕ್ಕೆ 1.2 ಆಂಪಿಯರ್-ಅವರ್ ಖರ್ಚಾಗಿ, ನಿಮ್ಮ ಬ್ಯಾಟರಿ ಒಂದು ತಿಂಗಳಲ್ಲಿಯೇ ಬರಿದಾಗುತ್ತದೆ. ಬರಿದಾದುದಕ್ಕಿಂತ ಹೆಚ್ಚಿನ ಹಾನಿಯಾಗಿರುವುದು ಆ ಸ್ಥಿತಿಯಲ್ಲಿ ಅದು ಕಳೆದ ಮುಂದಿನ ದಿನಗಳಲ್ಲಿ. ವಿದ್ಯುತ್ ಇಳಿಯುವಾಗ ಎರಡೂ ಬಗೆಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಉಂಟಾಗುತ್ತದೆ. ಬೇಗನೆ ಚಾರ್ಜ್ ಮಾಡಿದರೆ ಈ ನಯವಾದ ಹರಳುಗಳು ಕರಗಿ ಮೊದಲಿನಂತಾಗುತ್ತವೆ, ವಾರಗಟ್ಟಲೆ ಬಿಟ್ಟರೆ ದೊಡ್ಡದಾಗಿ ಗಟ್ಟಿಯಾಗುತ್ತವೆ. ಗಟ್ಟಿಯಾದ ಹರಳನ್ನು ತಕ್ಕಮಟ್ಟಿಗೆ ಹಿಂದಿರುಗಿಸುವ ನಂಬಿಕೆಯ ಮಾರ್ಗವೆಂದರೆ ಕಡಿಮೆ ಕರೆಂಟಿನ, ದೀರ್ಘಕಾಲದ ಚಾರ್ಜ್ ಮಾತ್ರ.

ಬ್ಯಾಟರಿಯನ್ನು ಕಾರಿನಿಂದ ಇಳಿಸಿ, ಗಾಳಿಯಾಡುವ ಜಾಗದಲ್ಲಿಟ್ಟು, ಕನ್ನಡಕ ಮತ್ತು ಕೈಗವಸು ಧರಿಸಿ ಮುಚ್ಚಳ ತೆರೆಯಿರಿ. ಪ್ಲೇಟುಗಳು ಒಣಗಿ ಕಾಣುತ್ತಿದ್ದರೆ ಅವು ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ. ಗುರುತಿನವರೆಗೆ ತುಂಬಿಸುವುದು ಚಾರ್ಜ್ ಮುಗಿದ ಮೇಲೆ, ಏಕೆಂದರೆ ಚಾರ್ಜ್ ಆಗುವಾಗ ದ್ರವದ ಮಟ್ಟ ಏರುತ್ತದೆ. ವೋಲ್ಟೇಜ್ ತೀರ ಕಡಿಮೆಯಿದ್ದಾಗ ಅನೇಕ ಆಟೊಮ್ಯಾಟಿಕ್ ಚಾರ್ಜರುಗಳು ಕೆಲಸ ಮಾಡುವುದಿಲ್ಲ, ನಿಮ್ಮದು ನಿಂತಿರುವುದೂ ಬಹುಶಃ ಅದಕ್ಕಾಗಿಯೇ. ಆದ್ದರಿಂದ ಬ್ಯಾಟರಿ ಅಂಗಡಿಯಲ್ಲಿ, ಕರೆಂಟನ್ನು ಕೈಯಿಂದ ಹೊಂದಿಸಬಹುದಾದ ಚಾರ್ಜರಿನಲ್ಲಿ 1ರಿಂದ 1.5 ಆಂಪಿಯರಿನಷ್ಟು ಇಟ್ಟು, ಒಂದು ಹಗಲು ಒಂದು ರಾತ್ರಿಗೂ ಮೀರಿ ಬಿಡಲು ಕೇಳಿಕೊಳ್ಳಿ. ಒಂದೇ ಗಂಟೆಯಲ್ಲಿ ಏರಿಸಿಕೊಡುತ್ತೇವೆ ಎಂದರೆ ಒಪ್ಪಬೇಡಿ. ಹೆಚ್ಚು ಕರೆಂಟು ಕೊಟ್ಟರೆ ದ್ರವ ಕುದಿದಂತೆ ಗುಳ್ಳೆಯೇಳುತ್ತದೆ, ಪ್ಲೇಟು ಬಿಸಿಯಾಗುತ್ತದೆ, ಹರಳು ಮಾತ್ರ ಹಾಗೆಯೇ ಉಳಿಯುತ್ತದೆ. ಏಳುವ ಗುಳ್ಳೆಯಲ್ಲಿ ಜಲಜನಕವಿದ್ದು, ಗಾಳಿಯಲ್ಲಿ ಅದು ಶೇಕಡಾ 4ರಷ್ಟಾದರೂ ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲದು. ಮನೆಯಲ್ಲಿ ಚಾರ್ಜ್ ಮಾಡುವಾಗಲೂ ಸ್ವಿಚ್ ಆರಿಸಿದ ಮೇಲೆಯೇ ಕ್ಲಿಪ್ಪುಗಳನ್ನು ತೆಗೆಯಬೇಕೆಂಬ ನಿಯಮ ಇದಕ್ಕಾಗಿಯೇ ಇದೆ.

ಕೊನೆಯ ತೀರ್ಮಾನವನ್ನು ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹೇಳಲಿ. ಬ್ಯಾಟರಿಯೊಳಗಿನ ಆರೂ ಸೆಲ್ಲುಗಳಲ್ಲಿ (ಪ್ರತ್ಯೇಕ ಕೋಣೆಗಳಲ್ಲಿ) ಆಸಿಡ್ಡಿನ ಸಾಂದ್ರತೆ ಸುಮಾರು 1.250ರಿಂದ 1.280ರೊಳಗೆ ಬಂದು, ಗಂಟೆಗೊಮ್ಮೆ ನೋಡಿದಾಗ ಮೂರು ಸಲವೂ ಅಲ್ಲಿಯೇ ನಿಂತಿದ್ದರೆ ಚಾರ್ಜ್ ಪೂರ್ಣವಾಗಿದೆ. ರಾತ್ರಿಯಿಡೀ ಬಿಟ್ಟ ಮೇಲೂ 12.6 ವೋಲ್ಟ್ ಉಳಿದಿದ್ದು, ಇಂಜಿನ್ ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗಿಳಿಯದಿದ್ದರೆ ಧೈರ್ಯವಾಗಿ ಬಳಸಿ. ಐದು ಸೆಲ್ಲುಗಳು ಏರಿ ಒಂದು ಮಾತ್ರ 0.050ರಷ್ಟು ಹಿಂದುಳಿದರೆ, ಇಲ್ಲವೇ ವೋಲ್ಟೇಜ್ 10.5ರ ಆಸುಪಾಸಿನಲ್ಲಿಯೇ ನಿಂತರೆ, ಆ ಸೆಲ್ ಹೋಗಿದೆ ಎಂದು ತಿಳಿದು ಹಳೆಯದನ್ನು ಅಂಗಡಿಗೇ ಒಪ್ಪಿಸಿ ಹೊಸದನ್ನು ಕೊಳ್ಳಿ. ಪ್ಲೇಟಿನಿಂದ ಉದುರಿ ತಳ ಸೇರಿದ ಪುಡಿಯನ್ನು ಯಾವ ಚಾರ್ಜರೂ ಮತ್ತೆ ಪ್ಲೇಟಿಗೆ ಅಂಟಿಸಲಾರದು.

ಪ್ರಶ್ನೆ: ಹಳೆಯ ಬ್ಯಾಟರಿಗೆ ಎಪ್ಸಮ್ ಸಾಲ್ಟ್ ಅಥವಾ ಹೊಸ ಆಸಿಡ್ ಹಾಕಿದರೆ ಮೊದಲಿನ ಶಕ್ತಿ ಬರುತ್ತದೆಂಬ ವೀಡಿಯೊಗಳು ನಿಜವೇ? – ಓದುಗರು, ಗದಗ

ಉತ್ತರ: ಎರಡನ್ನೂ ಹಾಕಬೇಡಿ. ಎಪ್ಸಮ್ ಸಾಲ್ಟ್ ಎಂದರೆ ಮೆಗ್ನೀಸಿಯಮ್ ಸಲ್ಫೇಟ್; ಸಲ್ಫೇಟಿನಿಂದಲೇ ಕಟ್ಟಿಕೊಂಡ ಪ್ಲೇಟಿಗೆ ಇನ್ನಷ್ಟು ಸಲ್ಫೇಟ್ ಸೇರಿಸಿದರೆ ಹರಳು ಕರಗುವುದು ಮತ್ತಷ್ಟು ಕಷ್ಟವಾಗುತ್ತದೆ. ಅದು ದ್ರವದ ಸಾಂದ್ರತೆಯನ್ನು ಏರಿಸುವುದರಿಂದ ಹೈಡ್ರೋಮೀಟರ್ ಕೂಡ ಸುಳ್ಳು ಹೇಳತೊಡಗುತ್ತದೆ. ಆಸಿಡ್ಡಿನ ವಿಷಯವೂ ಹಾಗೆಯೇ: ಇಳಿದ ಬ್ಯಾಟರಿಯಲ್ಲಿ ಆಸಿಡ್ ಕಳೆದುಹೋಗಿರುವುದಿಲ್ಲ, ಪ್ಲೇಟುಗಳೊಳಗೆ ಸೇರಿರುತ್ತದೆ, ಹೊರಗಿನಿಂದ ಹಾಕಿದ ಮೇಲೆ ಚಾರ್ಜ್ ಮಾಡಿದರೆ ದ್ರವ ಅತಿ ತೀಕ್ಷ್ಣವಾಗಿ ಪ್ಲೇಟುಗಳನ್ನೇ ತಿನ್ನುತ್ತದೆ. ದ್ರವ ಚೆಲ್ಲಿಹೋಗದ ಹೊರತು ಹಾಕಬೇಕಾದುದು ನೀರನ್ನು ಮಾತ್ರ.

ಪ್ರಶ್ನೆ: ಇದೇ ಕ್ರಮದಲ್ಲಿ ಎಲೆಕ್ಟ್ರಿಕ್ ಸ್ಕೂಟರಿನ ಲಿಥಿಯಂ ಬ್ಯಾಟರಿಯನ್ನು ಎಬ್ಬಿಸಬಹುದೇ? – ಓದುಗರು, ಮಂಡ್ಯ

ಉತ್ತರ: ಬೇಡ. ಲಿಥಿಯಂ ಸೆಲ್ ಮಿತಿಮೀರಿ ಬರಿದಾದಾಗ ಒಳಗಿನ ತಾಮ್ರದ ಹಾಳೆ ಕರಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇರೆಡೆ ಕೂತು ಒಳಗೇ ಶಾರ್ಟ್ ಆಗಿ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಚಾರ್ಜ್ ನಿರಾಕರಿಸುವ ಒಳಗಿನ ರಕ್ಷಣಾ ಸರ್ಕಿಟ್ಟನ್ನು ದಾಟಿಸಿ ವಿದ್ಯುತ್ ಕೊಡುವವರ ಬಳಿ ಹೋಗದೆ, ಸ್ಕೂಟರ್ ತಯಾರಕರ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಪ್ರತಿ ಸೆಲ್ಲಿನ ವೋಲ್ಟೇಜನ್ನು ಪರೀಕ್ಷಿಸಲು ಹೇಳಿ. ಅಲ್ಲಿಯವರೆಗೆ ಆ ಬ್ಯಾಟರಿಯನ್ನು ಮನೆಯೊಳಗಿಡಬೇಡಿ.